ಏಳು ಮೆಟ್ಟಿಲಿನ ಆಟದ ಮಳಿಗೆ

ನನಗೊಂದು ಅಭ್ಯಾಸವಿದೆ. ಎಲ್ಲಿ ಮೆಟ್ಟಿಲು ಕಂಡರೂ ಎಣಿಸುತ್ತೇನೆ. ಬ್ಯಾಂಕಿನ ಮೆಟ್ಟಿಲು, ಹಲ್ಲಿನ ಡಾಕ್ಟರ ಮೆಟ್ಟಿಲು, ಮೆಟ್ರೋ ನಿಲ್ದಾಣದ ಮೆಟ್ಟಿಲು, ಯಾವುದನ್ನೂ ಬಿಟ್ಟಿಲ್ಲ. ಬೆಸಸಂಖ್ಯೆ ಬಂದರೆ ಮನಸ್ಸಿಗೆ ನೆಮ್ಮದಿ. ಸಮಸಂಖ್ಯೆ ಬಂದರೆ ನೆಲವನ್ನೂ ಒಂದು ಮೆಟ್ಟಿಲೆಂದು ಸೇರಿಸಿಕೊಂಡು ಹೇಗೋ ಸರಿದೂಗಿಸುತ್ತೇನೆ. ಮಂಡಿನೋವಿನ ಮುದುಕಿಯೊಬ್ಬಳು ಮೆಟ್ಟಿಲ ಬುಡದಲ್ಲಿ ನಿಂತು ತುಟಿ ಅಲ್ಲಾಡಿಸುವುದನ್ನು ಕಂಡವರು ಯಾವುದೋ ಸ್ತೋತ್ರ ಹೇಳಿಕೊಳ್ಳುತ್ತಿದ್ದಾಳೆಂದು ಗೌರವದಿಂದ ದಾರಿ ಬಿಡುತ್ತಾರೆ. ಅವರ ತಪ್ಪನ್ನು ತಿದ್ದಲು ನಾನೂ ಹೋಗಿಲ್ಲ.

ಗೊಂಬೆ ಕೂರಿಸುವ ಮನೆಯಲ್ಲಿ ಬೆಳೆದವರಿಗೆ ಅಂಟುವ ಕಾಯಿಲೆ ಇದು. ನವರಾತ್ರಿಗೆ ಗೊಂಬೆಗಳ ಮೆಟ್ಟಿಲು ಮೂರೋ ಐದೋ ಏಳೋ ಇರಬೇಕು. ನಾಲ್ಕೋ ಆರೋ ಇದ್ದರೆ ಆ ಮನೆಯವರಿಗೆ ಏನೋ ಗೊತ್ತಿಲ್ಲವೆಂದು ಅರ್ಥ. ಆದರೆ ಮೆಟ್ಟಿಲು ಎಣಿಸುವಾಗ ನನ್ನ ಕಣ್ಣಿಗೆ ಕಟ್ಟುವುದು ನವರಾತ್ರಿಯ ಮೆಟ್ಟಿಲಲ್ಲ. ಜಯನಗರದ ಒಂದು ಖಾಲಿ ಸೈಟಿನಲ್ಲಿ, ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ, ಚಳಿಗಾಲದ ಎಳೆಬಿಸಿಲಿನಲ್ಲಿ ನಿಂತಿದ್ದ ಏಳು ಮೆಟ್ಟಿಲು. ಅದರಲ್ಲಿ ಒಂದೇ ಒಂದು ಗೊಂಬೆಯೂ ಇರಲಿಲ್ಲ.

ಆಗಿನ ಜಯನಗರವನ್ನು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಅರವತ್ತರ ದಶಕದ ಶುರುವಿನ ಮಾತು. ರಸ್ತೆಗಳು ಬಂದಿದ್ದವು, ಮನೆಗಳು ಬಂದಿರಲಿಲ್ಲ. ಅಷ್ಟಗಲದ ರಸ್ತೆಯಲ್ಲಿ ದಿನಕ್ಕೆ ಹತ್ತು ಸೈಕಲ್ಲು ಹೋದರೆ ಹೆಚ್ಚು. ರಸ್ತೆಯ ಎರಡೂ ಕಡೆ ಇಟ್ಟಿಗೆಯ ಗೂಡಿನೊಳಗೆ ಗಿಡ ನೆಟ್ಟಿದ್ದರು. ಗಿಡಕ್ಕಿಂತ ಗೂಡೇ ಎತ್ತರ. ಎರಡು ಮನೆಗಳ ನಡುವೆ ನಾಲ್ಕು ಖಾಲಿ ಸೈಟು, ಅದರ ತುಂಬ ಲಾಂಟಾನ ಪೊದೆ. ಬೆಳಿಗ್ಗೆ ಮಂಜು ಇಳಿದಾಗ ಎದುರು ಮನೆ ಕಾಣದೆ, ಲೋಕದಲ್ಲಿ ನಾವೊಂದೇ ಸಂಸಾರ ಉಳಿದಿದ್ದೇವೆ ಅನ್ನಿಸುತ್ತಿತ್ತು. ಆಮೇಲೆ ಮಂಜಿನೊಳಗಿನಿಂದ ಹಾಲಿನ ಮುನಿಯಮ್ಮನ ದನಿ ಬರುತ್ತಿತ್ತು. ಆಕೆ ಅರೆಕೆರೆಯಿಂದ ತಲೆಯ ಮೇಲೆ ಹಾಲು ಹೊತ್ತು ನಡೆದೇ ಬರುತ್ತಿದ್ದಳು. ಹಾಲಿಗಿಂತ ಮೊದಲು ಊರಿನ ಸುದ್ದಿ ಅಳೆದು ಹಾಕುವುದು ಆಕೆಯ ಪದ್ಧತಿ.

ನಮ್ಮ ಮನೆಯಲ್ಲಿ ತಾತ, ಅಜ್ಜಿ, ಅಪ್ಪ, ಅಮ್ಮ, ನಾನು. ಜೊತೆಗೆ ನಾಗು ಅತ್ತೆ, ಅಪ್ಪನ ತಂಗಿ. ಅತ್ತೆಗೆ ಆಗ ಇಪ್ಪತ್ತಾರು ವಯಸ್ಸು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಚಿಂತಾಮಣಿಯಿಂದ ಒಂದು ಕಬ್ಬಿಣದ ಟ್ರಂಕಿನ ಜೊತೆ ತವರಿಗೆ ಬಂದವಳು ಅಡಿಗೆಮನೆ ಸೇರಿದಳು, ಅಲ್ಲೇ ಉಳಿದಳು. ಯಾರೂ ಅವಳನ್ನು ಗದರಿಸುತ್ತಿರಲಿಲ್ಲ, ಕಷ್ಟ ಕೊಡುತ್ತಿರಲಿಲ್ಲ. ಆದರೆ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟಾಗ ಅವಳು ತಾನಾಗಿಯೇ ಒಳಗೆ ಸರಿಯುತ್ತಿದ್ದಳು. ಗೊಂಬೆ ನೋಡಲು ಹೆಂಗಸರು ಬಂದಾಗ ಕುಂಕುಮ ಕೊಡುವುದು ಅಜ್ಜಿ ಅಥವಾ ಅಮ್ಮ; ಅತ್ತೆ ಒಳಗೆ ಕೋಸಂಬರಿ ಕಲಸುತ್ತಿದ್ದಳು. ನನಗೆ ಹನ್ನೊಂದು ವರ್ಷ. ಅತ್ತೆಗೆ ಕೋಸಂಬರಿ ಅಂದರೆ ಪ್ರಾಣ, ಅದಕ್ಕೇ ಹೊರಗೆ ಬರುವುದಿಲ್ಲ ಎಂದು ತಿಳಿದಿದ್ದೆ. ಅಷ್ಟು ಜಾಣೆ ನಾನು.

ಅತ್ತೆಗೆ ಮಕ್ಕಳೆಂದರೆ ಆಸೆ. ಮದುವೆಗೆ ಮುಂಚೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ಬಡಾವಣೆಯ ಮಹಿಳಾ ಸಮಾಜದವರು ಒಂದು ಶೀಟಿನ ಶೆಡ್ಡಿನಲ್ಲಿ ಶಿಶುವಿಹಾರ ತೆರೆಯುತ್ತಾರೆ, ಅದಕ್ಕೊಬ್ಬರು ಟೀಚರು ಬೇಕು ಎಂಬ ಸುದ್ದಿಯನ್ನು ಮುನಿಯಮ್ಮನೇ ಹಾಲಿನ ಜೊತೆ ತಂದಳು. ಅವತ್ತು ಅತ್ತೆ ಒಲೆಯ ಮೇಲಿನ ಹಾಲು ಉಕ್ಕಿಸಿದಳು. ಮರುದಿನ ಹೇಗೋ ಧೈರ್ಯ ಮಾಡಿ ನನ್ನನ್ನು ಜೊತೆಗೆ ಕರೆದುಕೊಂಡು ಸಮಾಜದ ಕಾರ್ಯದರ್ಶಿ ರುಕ್ಮಿಣಮ್ಮನವರ ಮನೆಗೆ ಹೋದಳು. ರುಕ್ಮಿಣಮ್ಮನವರು ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಅವರು ಕೇಳಿದ್ದಕ್ಕೆಲ್ಲ ಅತ್ತೆ ನೆಲ ನೋಡುತ್ತ ಉತ್ತರ ಕೊಟ್ಟಳು. ಅರ್ಧ ಉತ್ತರ ಅವರಿಗೆ ಕೇಳಿಸಲೇ ಇಲ್ಲ.

"ಓದು ಸಾಕಮ್ಮ, ತೊಂದ್ರೆ ಇಲ್ಲ" ಎಂದರು ಅವರು. "ಆದ್ರೆ ನನ್ನ ಹತ್ರಾನೇ ಇಷ್ಟು ಮೆಲ್ಲಗೆ ಮಾತಾಡ್ತೀರಿ. ಮೂವತ್ತು ಮಕ್ಕಳನ್ನ ಹೇಗೆ ಸುಧಾರಿಸ್ತೀರಿ? ಅವರ ತಾಯಂದಿರನ್ನ? ಒಂದು ಕೆಲ್ಸ ಮಾಡಿ. ಮುಂದಿನ ತಿಂಗಳು ನಮ್ಮ ಆನಂದ ಬಜಾರು ಇದೆ. ಮಕ್ಕಳ ಆಟದ ಮಳಿಗೆ ನೀವು ನಡ್ಸಿ. ನಾನು ಬಂದು ನೋಡ್ತೀನಿ. ಆಮೇಲೆ ಹೇಳ್ತೀನಿ."

ಮನೆಗೆ ಬಂದು ಹೇಳಿದಾಗ ತಾತ ಪೇಪರಿನಿಂದ ತಲೆ ಎತ್ತದೆ, "ನಾಲ್ಕು ಜನರ ಎದುರು ನಿಂತು ಮುಖ ಸಣ್ಣ ಮಾಡ್ಕೊಂಡು ಬಂದ್ರೆ ಮತ್ತೆ ಈ ಮಾತು ಎತ್ತಬಾರದು" ಎಂದರು. ಅಜ್ಜಿ ಬತ್ತಿ ಹೊಸೆಯುತ್ತಲೇ ಇದ್ದರು. ಅಂದರೆ ಆ ಒಂದು ಮಧ್ಯಾಹ್ನದ ಮೇಲೆ ಅತ್ತೆಯ ಇಡೀ ಹಣೆಬರಹ ನಿಂತಿತು. ಅದು ನನಗೂ ಅರ್ಥವಾಗಿತ್ತು.

ಇನ್ನು ಆಟ ಯಾವುದು? ಇಲ್ಲಿ ನನ್ನ ಪ್ರವೇಶ. ನಾನೊಮ್ಮೆ ಅಪ್ಪನ ಹೆಗಲ ಮೇಲೆ ಕೂತು ಯಾವುದೋ ಎಕ್ಸಿಬಿಷನ್ನು ನೋಡಿದ್ದೆ. ಅಲ್ಲಿ ಸಾಬೂನು, ಗಾಜಿನ ಲೋಟ, ಪೌಡರ್ ಡಬ್ಬಿ ಎಲ್ಲ ಇಟ್ಟಿದ್ದರು. ದೂರದಲ್ಲಿ ನಿಂತು ರಿಂಗು ಎಸೆಯಬೇಕು, ರಿಂಗು ಯಾವುದರ ಮೇಲೆ ಬೀಳುತ್ತದೋ ಅದು ನಮ್ಮದು. ನಾನು ಅದನ್ನು ನೋಡಿದ್ದು ಒಂದೇ ನಿಮಿಷ, ಅದೂ ನಿದ್ದೆಗಣ್ಣಿನಲ್ಲಿ. ಆದರೆ ಮನೆಯಲ್ಲಿ ಆ ಆಟವನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ ಎಂದು ಗೊತ್ತಾದ ಕ್ಷಣದಿಂದ ನಾನು ಇಂಜಿನಿಯರಾಗಿಬಿಟ್ಟೆ. ಅತ್ತೆ ಕೇಳಿದ್ದಕ್ಕೆಲ್ಲ ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ಜವಾಬು ಕೊಟ್ಟೆ. "ಸಾಮಾನೆಲ್ಲ ಹೇಗೆ ಇಟ್ಟಿದ್ರೇ?" ಎಂದು ಅತ್ತೆ ಕೇಳಿದಾಗ ನೆನಪಿಗೆ ಒಂದು ಚೂರೂ ಬರಲಿಲ್ಲ. "ಮೆಟ್ಟಿಲು ಮೆಟ್ಟಿಲಾಗಿ" ಎಂದೆ.

ಆಮೇಲಿನದು ನಮ್ಮ ಕೈಯಲ್ಲಿರಲಿಲ್ಲ. ಮೆಟ್ಟಿಲು ಎಂದಮೇಲೆ ನಮ್ಮ ಮನೆಯವರ ಕೈಗೆ ಬರುವುದು ಒಂದೇ ವಿದ್ಯೆ. ಕೆಳಗಿನ ಮೆಟ್ಟಿಲಿಗೆ ಹಲಗೆ, ಅದರ ಹಿಂದೆ ಬೆಂಚು, ಅದರ ಹಿಂದೆ ಸೀಮೆಎಣ್ಣೆ ಡಬ್ಬಗಳು, ಒಂದು ಮರದ ಪೆಟ್ಟಿಗೆ, ತಾತನ ಬರೆಯುವ ಮೇಜು, ಮೇಜಿನ ಮೇಲೆ ಅಕ್ಕಿಯ ಪೆಟ್ಟಿಗೆ, ಅದರ ಮೇಲೊಂದು ಮಣೆ. ಪ್ರತಿ ವರ್ಷ ಇದೇ ಕ್ರಮ. ಆದರೆ ನವರಾತ್ರಿಗೆ ಪಕ್ಕದ ಮನೆಯಿಂದ ಎರವಲು ತರುತ್ತಿದ್ದ ಆ ಮರದ ಪೆಟ್ಟಿಗೆ ಈ ಸಲ ಸಿಗಲಿಲ್ಲ. ನಾಲ್ಕನೆಯ ಮೆಟ್ಟಿಲಿಗೆ ಸರಿಯಾದ ಎತ್ತರದ್ದು ಮನೆಯಲ್ಲಿ ಒಂದೇ ಇತ್ತು, ಅತ್ತೆಯ ಟ್ರಂಕು. ಬಂದ ದಿನದಿಂದ ಅದರ ಬೀಗ ತೆಗೆದದ್ದನ್ನು ನಾನು ನೋಡಿರಲಿಲ್ಲ. ಆ ದಿನ ಅತ್ತೆ ಸ್ವಲ್ಪ ಹೊತ್ತು ಅದರ ಮುಂದೆ ಕೂತಿದ್ದು, ಆಮೇಲೆ ಬೀಗ ತೆಗೆದಳು. ಒಳಗೆ ಬಣ್ಣಬಣ್ಣದ ಸೀರೆಗಳು, ನುಸಿಗುಳಿಗೆಯ ವಾಸನೆ.

ಬೆತ್ತವನ್ನು ಬಳೆಯಂತೆ ಬಗ್ಗಿಸಿ ಬಟ್ಟೆ ಸುತ್ತಿದರೆ ಒಳ್ಳೆಯ ರಿಂಗು ಆಗುತ್ತದೆ. ಅತ್ತೆ ಟ್ರಂಕಿನಲ್ಲಿ ಮೇಲಿದ್ದ ಒಂದು ಕುಂಕುಮಬಣ್ಣದ ಸೀರೆ ತೆಗೆದು, ಅದರ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಸರ್ರನೆ ಹರಿದಳು. ಅಮ್ಮ "ಅಯ್ಯೋ ನಾಗೂ" ಎಂದಳು. "ಇಟ್ಕೊಂಡು ಏನ್ ಮಾಡ್ಲಿ ಅತ್ತಿಗೆ? ಮಕ್ಕಳ ಕೈಗಾದ್ರೂ ಬರ್ಲಿ" ಎಂದಳು ಅತ್ತೆ. ಮಧ್ಯಾಹ್ನವೆಲ್ಲ ಹಿತ್ತಲ ಕಟ್ಟೆಯ ಮೇಲೆ ಕೂತು ನಾವು ರಿಂಗು ಸುತ್ತಿದೆವು. ಕೆಂಪು, ಹಸಿರು, ಮಾವಿನ ಬಣ್ಣ. ಗಾಳಿಗೆ ನೂಲಿನ ಎಳೆಗಳು ಹಾರಿ ಲಾಂಟಾನದ ಹೂವಿಗೆ ಸಿಕ್ಕಿಕೊಳ್ಳುತ್ತಿದ್ದವು. ಎಲ್ಲೋ ದೂರದಲ್ಲಿ ಯಾರದೋ ಹೊಸ ಮನೆಗೆ ಕಲ್ಲು ಒಡೆಯುವ ಸದ್ದು. ಆ ಮಧ್ಯಾಹ್ನ ಮುಗಿಯದೆ ಹಾಗೇ ನಿಂತಿದ್ದರೆ ನನಗೆ ಬೇರೇನೂ ಬೇಡವಾಗಿತ್ತು. ಈಗಲೂ ನಿದ್ದೆ ಬಾರದಿದ್ದರೆ ಮನಸ್ಸಿನಲ್ಲೇ ಆ ಕಟ್ಟೆಗೆ ಹೋಗಿ ಕೂರುತ್ತೇನೆ.

ಭಾನುವಾರ ಬೆಳಿಗ್ಗೆ ಅಪ್ಪ ಒಂದು ಎತ್ತಿನ ಗಾಡಿ ಮಾಡಿ ಎಲ್ಲವನ್ನೂ ಬಜಾರು ನಡೆಯುವ ಖಾಲಿ ಸೈಟಿಗೆ ಸಾಗಿಸಿದರು. ನಾಲ್ಕು ಬಿದಿರು ನೆಟ್ಟು ಮೇಲೊಂದು ಜಮಖಾನ ಕಟ್ಟಿದರು. ಏಳು ಮೆಟ್ಟಿಲು ಎದ್ದವು. ಸೀಮೆಎಣ್ಣೆ ಡಬ್ಬ ಕಾಣಬಾರದಲ್ಲ, ತಾತನ ಬಿಳಿ ಪಂಚೆ ಹಾಸಿದೆವು. ಅದರ ಮೇಲೆ ಬಹುಮಾನಗಳು: ಸಾಬೂನು, ಬಾಚಣಿಗೆ, ಕನ್ನಡಿ, ಚನ್ನಪಟ್ಟಣದ ಬುಗುರಿ, ಸಂಕ್ರಾಂತಿಯಲ್ಲಿ ಉಳಿದಿದ್ದ ಸಕ್ಕರೆ ಅಚ್ಚು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿಗೆ ಎಲ್ಲಕ್ಕಿಂತ ದೊಡ್ಡ ಬಹುಮಾನ, ಅಜ್ಜಿ ಕೊಟ್ಟ ಹಿತ್ತಾಳೆ ಚೊಂಬು. ಬರಿಯ ಚೊಂಬು ಬಣಬಣ ಎನ್ನುತ್ತಿತ್ತು. ಅಮ್ಮ ಅದರ ಬಾಯಿಗೆ ನಾಲ್ಕು ಮಾವಿನ ಎಲೆ ಸಿಕ್ಕಿಸಿದಳು. ಎಲೆ ನಿಲ್ಲಲಿಲ್ಲ, ಒಂದು ತೆಂಗಿನಕಾಯಿ ಇಟ್ಟಳು. ನಾನು ಮುಂದೆ ರಂಗೋಲಿ ಎಳೆದೆ. ಆದರೂ ಏನೋ ಕೊರತೆ ಅನ್ನಿಸಿತು. ಮನೆಗೆ ಓಡಿ ಅಜ್ಜಿಯ ಕುಂಕುಮದ ಭರಣಿ ಇದ್ದ ತಟ್ಟೆ ತಂದು ಮೆಟ್ಟಿಲ ಪಕ್ಕದಲ್ಲಿಟ್ಟೆ. ಆಗ ನೋಡಲು ಸರಿಯಾಯಿತು. ಯಾಕೆ ಸರಿಯಾಯಿತು ಎಂದು ನಮ್ಮಲ್ಲಿ ಒಬ್ಬರೂ ಯೋಚಿಸಲಿಲ್ಲ.

ಮೂರು ಗಂಟೆಗೆ ಆನಂದ ಬಜಾರು ಶುರುವಾಯಿತು. ಒಂದು ಕಡೆ ಬೋಂಡ, ಒಂದು ಕಡೆ ಕಸೂತಿ, ಒಂದು ಕಡೆ ಕಡಲೆಪುರಿ. ನಮ್ಮ ಮಳಿಗೆಯ ಮೊದಲ ಗಿರಾಕಿ ಮುನಿಯಮ್ಮ. ಮಾರು ದೂರದಲ್ಲೇ ಎಕ್ಕಡ ಬಿಟ್ಟಳು, ಸೆರಗು ಹೊದ್ದಳು, ಏಳೂ ಮೆಟ್ಟಿಲನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಕೈಮುಗಿದಳು.

"ಯಾವ ದ್ಯಾವ್ರವ್ವಾ ಇದು?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

"ದೇವ್ರಲ್ಲ ಮುನಿಯಮ್ಮ, ಆಟ. ರಿಂಗು ತಗೊಂಡು ಎಸೀಬೇಕು."

"ಎಸೆಯಾದಾ? ಕಳಸಕ್ಕಾ?" ಆಕೆ ಗಲ್ಲ ಗಲ್ಲ ಬಡಿದುಕೊಂಡಳು. "ಬುಡ್ತು ಅನ್ನವ್ವ. ಮಕ್ಕಳೊಂದಿಗರು ನಾವು."

ಆಕೆಯ ಎಕ್ಕಡ ನೋಡಿ ಹಿಂದೆ ಬಂದವರೂ ಚಪ್ಪಲಿ ಬಿಟ್ಟರು. ಚಪ್ಪಲಿಗಳ ರಾಶಿ ನೋಡಿ ಇನ್ನಷ್ಟು ಜನ ಬಂದರು. ಯಾರೋ ಅಜ್ಜಿ ಎರಡು ಬಾಳೆಹಣ್ಣು ತಂದು ಸಾಬೂನಿನ ಪಕ್ಕ ಇಟ್ಟು, ಸಾಬೂನಿಗೇ ನಮಸ್ಕಾರ ಮಾಡಿದರು. ಮಕ್ಕಳು ಬಂದರು, ಆದರೆ ರಿಂಗಿಗಲ್ಲ. ಗೊಂಬೆ ನೋಡಲು ಹೋದ ಮನೆಯಲ್ಲಿ ಕೂತರೆ ಕೈಗೊಂದಿಷ್ಟು ತಿಂಡಿ ಬರುತ್ತದೆ ಎಂಬುದು ಬೆಂಗಳೂರಿನ ಮಕ್ಕಳಿಗೆ ಹುಟ್ಟಿನಿಂದ ಗೊತ್ತು. ಒಬ್ಬೊಬ್ಬರಾಗಿ ಬಂದು ರಂಗೋಲಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಅಂಗೈ ಚಾಚಿ ತಿಂಡಿಗೆ ಕಾದರು. ಒಂದು ಮಗು ಧೈರ್ಯ ಮಾಡಿ ರಿಂಗು ಎತ್ತಿಕೊಂಡರೆ ಅದರ ತಾಯಿ ಕೈಗೆ ಪಟ್ಟೆಂದು ಕೊಟ್ಟು ಕಿತ್ತಿಟ್ಟರು.

ಅರ್ಧ ಗಂಟೆ ಕಳೆಯಿತು. ಒಂದು ರಿಂಗೂ ಏಳಲಿಲ್ಲ. ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. "ಬನ್ನಿ, ಎಸೀರಿ" ಎಂದು ಎರಡು ಸಲ ಹೇಳಿದಳು. ಆ ದನಿ ಬೋಂಡದ ಚುಯ್ಯೆಂಬ ಸದ್ದಿನಲ್ಲಿ ಎಲ್ಲಿ ಹೋಯಿತೋ. ಕಸೂತಿ ಮಳಿಗೆಯ ಹತ್ತಿರ ರುಕ್ಮಿಣಮ್ಮನವರು ಕಾಣಿಸಿದರು. ಅವರ ಹಿಂದೆ ಸ್ವಲ್ಪ ದೂರದಲ್ಲಿ ಕೊಡೆ ಹಿಡಿದು ತಾತ. ಇಬ್ಬರೂ ನಮ್ಮ ಕಡೆಗೇ ಬರುತ್ತಿದ್ದರು.

ಅಷ್ಟರಲ್ಲಿ ಬಡಾವಣೆಗೆ ಹೊಸದಾಗಿ ಬಂದ ಒಬ್ಬ ಮದುಮಗಳು, ತಲೆತುಂಬ ಹೂವು, ಗಂಡನನ್ನು ದೂರ ನಿಲ್ಲಿಸಿ ಒಬ್ಬಳೇ ಮುಂದೆ ಬಂದಳು. ಮೆಟ್ಟಿಲಿಗೆ ಕೈಮುಗಿದಳು. ಪಕ್ಕದ ತಟ್ಟೆ ನೋಡಿದಳು. ಅತ್ತೆ ಯಾರೆಂದು ಅವಳಿಗೆ ಗೊತ್ತಿಲ್ಲ, ನಾಚಿ ತಗ್ಗಿಸಿದ ತಲೆ ಎತ್ತಿ ಅತ್ತೆಯ ಬರಿಹಣೆ ನೋಡಲೂ ಇಲ್ಲ; ಮನೆಯೊಡತಿ ಎಂದುಕೊಂಡಳು. ಅತ್ತೆಯ ಎದುರು ನಿಂತು ಕುಂಕುಮಕ್ಕಾಗಿ ಹಣೆ ಮುಂದೆ ಮಾಡಿ, ಕಣ್ಣು ಮುಚ್ಚಿದಳು.

ಸುತ್ತ ಇದ್ದ ಹೆಂಗಸರಲ್ಲಿ ಗೊತ್ತಿದ್ದವರು ನೆಲ ನೋಡಿದರು. ಒಬ್ಬರು ಸುಮ್ಮಸುಮ್ಮನೆ ಕೆಮ್ಮಿದರು. ಆಗ ನನಗೆ ಕೋಸಂಬರಿಯ ವಿಷಯ ಪೂರ್ತಿ ಅರ್ಥವಾಯಿತು. ತಟ್ಟೆ ತಂದವಳು ನಾನು. ಅದನ್ನು ಎತ್ತಿಕೊಂಡು ಓಡಿಬಿಡಬೇಕು ಅನ್ನಿಸಿತು. ಅತ್ತೆಯ ಕೈ ಸ್ವಲ್ಪ ಎದ್ದು ಹಾಗೇ ನಿಂತಿತು. ಆ ಹುಡುಗಿ ಕಣ್ಣು ಮುಚ್ಚಿಕೊಂಡೇ ಇದ್ದಳು, ಪಾಪ, ಎಷ್ಟು ನಂಬಿಕೆಯಿಂದ.

ಅತ್ತೆ ಎದ್ದ ಕೈಯನ್ನು ಪಕ್ಕಕ್ಕೆ ತಿರುಗಿಸಿ ಒಂದು ಕೆಂಪು ರಿಂಗು ತೆಗೆದುಕೊಂಡಳು. ಅದನ್ನು ಹುಡುಗಿಯ ಕೈಯಲ್ಲಿಟ್ಟಳು.

"ಕಣ್ಣು ಬಿಡಿ ತಾಯಿ. ಇದು ಗೊಂಬೆ ಅಲ್ಲ, ಆಟ. ಎಸೀರಿ ನೋಡೋಣ."

ಹುಡುಗಿ ಬೆಚ್ಚಿ, "ಅಯ್ಯಯ್ಯೋ, ನನ್ ಕೈಲಿ ಆಗಲ್ಲಪ್ಪ, ಕಳಶ ಇದೆ!" ಎಂದಳು.

"ಹೌದಾ? ಹಾಗಾದ್ರೆ ನಾನೇ ಎಸೀತೀನಿ. ಪಾಪ ಬಂದ್ರೆ ನಂಗೇ ಬರ್ಲಿ."

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಒಂದು ಹೆಜ್ಜೆ ಹಿಂದೆ ಹೋಗಿ ಎಸೆದಳು. ಅದು ಗುರಿಯಿಟ್ಟು ಎಸೆದದ್ದೇ ಅಲ್ಲ, ನಾಲ್ಕು ವರ್ಷದ ಕಸುವನ್ನೆಲ್ಲ ಸೇರಿಸಿ ಎಸೆದದ್ದು. ರಿಂಗು ಹೋಗಿ ತೆಂಗಿನಕಾಯಿಗೆ ಬಡಿಯಿತು. ತೆಂಗಿನಕಾಯಿ ಬಿತ್ತು, ಅದರ ಹಿಂದೆಯೇ ಚೊಂಬು ಹೊರಟಿತು. ಏಳೂ ಮೆಟ್ಟಿಲನ್ನು ಒಂದೊಂದಾಗಿ ಠಣ್ ಠಣ್ ಎಂದು ಇಳಿಯಿತು. ಸಾಬೂನು, ಬುಗುರಿಗಳನ್ನೆಲ್ಲ ಕರೆದುಕೊಂಡು, ಪಂಚೆಯನ್ನು ಅರ್ಧ ಎಳೆದುಕೊಂಡು, ಸೀಮೆಎಣ್ಣೆ ಡಬ್ಬಗಳ ಮಾನ ಕಳೆದು, ಮುಂದಿನ ಸಾಲಿನಲ್ಲಿ ಕೂತಿದ್ದ ಒಂದು ಮಗುವಿನ ತೊಡೆಯ ಮೇಲೆ ಬಂದು ಕೂತಿತು. ಆಮೇಲೆ ಆ ಮಗು ಕೇಕೆ ಹಾಕಿತು. ಮುನಿಯಮ್ಮ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅತ್ತೆ. ಅವಳಿಗೆ ಅಷ್ಟು ದೊಡ್ಡ ನಗು ಇದೆಯೆಂದು ನನಗೆ ಅವತ್ತೇ ಗೊತ್ತಾದದ್ದು.

ಇನ್ನು ಯಾರು ಹಿಡಿಯಬೇಕು? ಮೂವತ್ತು ಮಕ್ಕಳೂ ಒಟ್ಟಿಗೆ ಎದ್ದವು. "ಒಬ್ಬೊಬ್ರೇ! ಚಿಕ್ಕೋರು ಮುಂದೆ, ದೊಡ್ಡೋರು ಹಿಂದೆ! ಲೇ ಕೆಂಪು ಚಡ್ಡಿ, ತಳ್ಳಬೇಡ!" ಎಂದು ಅತ್ತೆ ಕೂಗಿದ್ದು ಬೋಂಡದ ಮಳಿಗೆಯಾಚೆಗೂ ಕೇಳಿಸಿತು. ರಂಗೋಲಿ ಪುಡಿ ತೆಗೆದುಕೊಂಡು ನೆಲದ ಮೇಲೆ ಮೂರು ಗೆರೆ ಎಳೆದಳು. ಪುಟಾಣಿಗಳಿಗೆ ಹತ್ತಿರದ ಗೆರೆ, ದೊಡ್ಡವರಿಗೆ ದೂರದ್ದು. ತೀರ ಚಿಕ್ಕದೊಂದನ್ನು ಎತ್ತಿಕೊಂಡು ಹೋಗಿ ಬುಗುರಿಯ ಮೇಲೆಯೇ ರಿಂಗು ಹಾಕಿಸಿ, "ಗೆದ್ದುಬಿಟ್ಟ!" ಎಂದು ಸಾರಿದಳು. ಸಂಜೆಯ ಬಿಸಿಲು ಓರೆಯಾಗಿ ಬಂದು, ಎದ್ದ ಧೂಳೆಲ್ಲ ಚಿನ್ನದ ಬಣ್ಣವಾಗಿತ್ತು. ಅದರೊಳಗೆ ಕೆಂಪು, ಹಸಿರು, ಮಾವಿನ ಬಣ್ಣದ ರಿಂಗುಗಳು ಹಾರುತ್ತಲೇ ಇದ್ದವು. ಮದುಮಗಳು ತನ್ನ ಗಂಡನನ್ನೂ ಕರೆದು ಆಡಿಸಿದಳು. ಕುಂಕುಮದ ತಟ್ಟೆಯನ್ನು ನಾನು ಯಾವಾಗಲೋ ಜಮಖಾನದ ಹಿಂದೆ ಬಚ್ಚಿಟ್ಟಿದ್ದೆ.

ರುಕ್ಮಿಣಮ್ಮನವರು ಬಹಳ ಹೊತ್ತು ನಿಂತು ನೋಡಿದರು. ಹೋಗುವಾಗ, "ಸೋಮವಾರ ಒಂಬತ್ತು ಗಂಟೆಗೆ ಶೆಡ್ಡಿನ ಹತ್ರ ಬನ್ನಿ. ದನಿ ಇಷ್ಟೇ ಇರ್ಲಿ" ಎಂದರು. ತಾತ ಕೊಡೆ ಮಡಿಸಿ ಕಂಕುಳಲ್ಲಿಟ್ಟುಕೊಂಡು, ದೂರದ ಗೆರೆಯಲ್ಲಿ ನಿಂತು ಒಂದು ರಿಂಗು ಎಸೆದರು. ಅದು ಯಾವುದಕ್ಕೂ ತಗುಲದೆ ಪೊದೆಗೆ ಹೋಯಿತು.

ಮದುಮಗಳ ಸಂಗತಿ ಅಜ್ಜಿಗೆ ಆ ರಾತ್ರಿಯೇ ತಲುಪಿತು. ಅಮ್ಮ ಹೇಳಿದಳು. ಅಜ್ಜಿ ಪೂರ್ತಿ ಕೇಳಿ, "ಹೂಂ" ಎಂದು ಒಂದು ಸಲ ಹೇಳಿ, ಮಗ್ಗುಲಾಗಿ ಮಲಗಿದರು.

ಸೋಮವಾರ ಅತ್ತೆ ತಿಳಿಬೂದು ಬಣ್ಣದ ಸೀರೆ ಉಟ್ಟು ಎಂಟೂವರೆಗೇ ಸಿದ್ಧಳಾದಳು. ನನ್ನ ಸ್ಕೂಲೂ ಅದೇ ದಾರಿ, ಜೊತೆಗೆ ಹೊರಟೆ. ತಾತನಿಗೆ ನಮಸ್ಕಾರ ಮಾಡಿದಳು. ಅಜ್ಜಿಗೆ ಮಾಡೋಣವೆಂದರೆ ಅಜ್ಜಿ ಇಲ್ಲ. ದೇವರಮನೆಯಲ್ಲಿಲ್ಲ, ಅಡಿಗೆಮನೆಯಲ್ಲಿಲ್ಲ. ಅತ್ತೆ ಎರಡು ಸಲ ಒಳಗೆ ಹೋಗಿ ನೋಡಿ ಬಂದಳು. "ಅಮ್ಮನಿಗೆ ಇಷ್ಟ ಇಲ್ವೇನೋ" ಎಂದು ಮೆಲ್ಲಗೆ, ತನಗೆ ತಾನೇ ಹೇಳಿಕೊಂಡಳು. ಬೀದಿಗೆ ಇಳಿದೆವು. ಅವಳು ತಲೆ ತಗ್ಗಿಸಿ ನಡೆಯುತ್ತಿದ್ದಳು. ರುಕ್ಮಿಣಮ್ಮನವರಿಗೆ ಬೇಕಾದ ದನಿ ಆ ದಿನ ಹೊರಡುತ್ತದೆಯೇ ಎಂದು ನನಗೇ ಭಯವಾಯಿತು.

ಮಂಜು ಇನ್ನೂ ಪೂರ್ತಿ ಕರಗಿರಲಿಲ್ಲ. ರಸ್ತೆಯ ತಿರುವಿನಲ್ಲಿ ಯಾರೋ ನಮ್ಮ ಕಡೆಗೆ ನಡೆದು ಬರುತ್ತಿರುವುದು ಕಾಣಿಸಿತು. ಹತ್ತಿರ ಬಂದಂತೆ ನೋಡುತ್ತೇನೆ, ಅಜ್ಜಿ. ಅಗಲವಾದ ಕುಂಕುಮ, ಮುಡಿಯಲ್ಲಿ ಹೂವು, ಸೊಂಟದ ಮೇಲೆ ತುಂಬಿದ ತಾಮ್ರದ ಕೊಡ. ಕೀಲುನೋವಿನ ಅಜ್ಜಿ ಕೊಡ ಎತ್ತಿದ್ದನ್ನು ನಾನು ಕಂಡೇ ಇರಲಿಲ್ಲ. ನೀರು ತುಳುಕಿ ಸೀರೆಯ ಒಂದು ಮಗ್ಗುಲು ಪೂರ್ತಿ ಒದ್ದೆಯಾಗಿತ್ತು. ನಮ್ಮ ಮನೆಯ ಹಿತ್ತಲಲ್ಲೇ ನಲ್ಲಿ ಇತ್ತು. ನೀರಿಗೆ ಹೊರಗೆ ಹೋಗುವ ಪ್ರಮೇಯವೇ ಇರಲಿಲ್ಲ. ಶುಭಕಾರ್ಯಕ್ಕೆ ಹೊರಟವರಿಗೆ ಮುತ್ತೈದೆ ತುಂಬಿದ ಕೊಡ ಹಿಡಿದು ಎದುರಾದರೆ ಹೋದ ಕೆಲಸ ಗೆಲ್ಲುತ್ತದೆ ಎಂದು ನಮ್ಮಲ್ಲಿ ನಂಬುತ್ತಾರೆ. ಅಜ್ಜಿ ಹಿತ್ತಲ ಬಾಗಿಲಿನಿಂದ ಹೊರಟು, ಎರಡು ಬೀದಿ ಸುತ್ತಿ ಬಂದಿದ್ದರು.

ಅತ್ತೆಗೆ ನಾಲ್ಕು ವರ್ಷದ ಅಭ್ಯಾಸ. ಎದುರಿಗೆ ಯಾರೋ ಬರುತ್ತಿದ್ದಾರೆ ಎಂದದ್ದೇ, ಮುಖವನ್ನೂ ನೋಡದೆ ರಸ್ತೆಯ ಅಂಚಿಗೆ ಸರಿದು ನಿಂತಳು.

ಅಜ್ಜಿ ರಸ್ತೆಯ ನಡುವೆ ನಿಂತರು. ಏದುಸಿರು ಬರುತ್ತಿತ್ತು.

"ಯಾಕೆ ಪಕ್ಕಕ್ಕೆ ಹೋಗ್ತೀಯೇ ನಾಗೂ?" ಎಂದರು. "ಎದುರಿಗೆ ಬಾ."